ಬುದೈ ಕ್ರಾಸ್, ಕೊಚಿಶ್ ತಲೆ

ಹದಿನಾಲ್ಕರಿಂದ ಇಪ್ಪತ್ತೆರಡನೇ ವಯಸ್ಸಿನವರೆಗೆ ನಾನು ಫುಟ್‌ಬಾಲ್‌ನಲ್ಲಿ ರೈಟ್ ವಿಂಗ್ ಆಡಿದವನು. ಬೆಂಗಳೂರಿನ ಮೈದಾನಗಳು, ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕೆಂಪು ಧೂಳು. ಬಲಗಡೆಯ ಗೆರೆ ಹಿಡಿದು ಓಡಬೇಕು, ಕಾರ್ನರ್ ಬಾವುಟದ ಹತ್ತಿರ ಹೋಗಿ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹಾಕಬೇಕು; ಕ್ರಾಸ್ ಎನ್ನುವುದು ಇದನ್ನೇ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಮುಂದಿನದು ಗಾಳಿಗೆ ಬಿಟ್ಟದ್ದು. ಬಹಳಷ್ಟು ಸಲ ಚೆಂಡು ಯಾರ ತಲೆಗೂ ಸಿಗದೆ ಆ ಕಡೆಯ ಗೆರೆ ದಾಟಿ ಹೋಗುತ್ತಿತ್ತು. ಆದರೆ ನಮ್ಮ ತಂಡದಲ್ಲಿ ಒಬ್ಬ ಗೆಳೆಯನಿದ್ದ. ಅಂಥ ಎತ್ತರದವನೇನಲ್ಲ. ನಾನು ಒದೆಯಲು ಕಾಲು ಹಿಂದಕ್ಕೆ ಎಳೆಯುವ ಹೊತ್ತಿಗೇ ಅವನು ಹೊರಟುಬಿಟ್ಟಿರುತ್ತಿದ್ದ. ಚೆಂಡು ಎಲ್ಲಿ ಬೀಳುತ್ತದೆ ಎಂದು ನನಗೇ ಗೊತ್ತಿಲ್ಲದಾಗ ಅವನಿಗೆ ಅದು ಹೇಗೆ ಗೊತ್ತಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ.

ಯೋಚಿಸಿದಾಗಲೆಲ್ಲ ಬಂದು ನಿಲ್ಲುವುದು ಇನ್ನೊಬ್ಬರ ಹಳೆಯ ಕಪ್ಪು–ಬಿಳುಪು ಚಿತ್ರ. ಹಂಗರಿಯ ಸ್ಟ್ರೈಕರ್ ಶಾಂದೋರ್ ಕೊಚಿಶ್. ನಮ್ಮ ಪತ್ರಿಕೆಗಳು ಇಂಗ್ಲಿಷ್ ಅಕ್ಷರ ನೋಡಿಕೊಂಡು ಈ ಹೆಸರನ್ನು ಕೋಕ್ಸಿಸ್, ಕೊಸಿಸ್ ಎಂದೆಲ್ಲ ಬರೆದಿರುವುದುಂಟು. ಕನ್ನಡ ಲಿಪಿಯಲ್ಲಿ ಸರಿಯಾಗಿಯೇ ಬರೆಯಬಹುದಾದ ಹೆಸರು ಇದು. ಹಂಗರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ನಾವು ಊರಿನ, ತಂದೆಯ ಹೆಸರಿನ ಅಕ್ಷರಗಳನ್ನು ಮುಂದಿಟ್ಟುಕೊಳ್ಳುವ ಹಾಗೆ. ಆದ್ದರಿಂದ ಅವರ ಊರಲ್ಲಿ ಅವರು ಕೊಚಿಶ್ ಶಾಂದೋರ್. ಕೊಚಿಶ್ ಎಂದರೆ ಗಾಡಿ ಹೊಡೆಯುವವನು. ಹಂಗರಿಯ ಕೊಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಯಿಂದಲೇ ಇಂಗ್ಲಿಷಿಗೆ ‘ಕೋಚ್’ ಎಂಬ ಮಾತು ಬಂದದ್ದು; ಇವತ್ತು ಮೈದಾನದ ಅಂಚಿನಲ್ಲಿ ನಿಂತು ಕೂಗುವ ಕೋಚ್ ಕೂಡ ಅದೇ ಗಾಡಿಯಿಂದ ಇಳಿದವರು.

ಈ ಗಾಡಿಕಾರ ತನ್ನ ದೇಶಕ್ಕೆ ಆಡಿದ್ದು 68 ಪಂದ್ಯ, ಹೊಡೆದದ್ದು 75 ಗೋಲು. ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು. ಜಗತ್ತು ಇವತ್ತಿಗೂ ಹೆಸರು ಹಿಡಿದು ನೆನೆಯುವ ಫೆರೆಂತ್ಸ್ ಪುಷ್ಕಾಶ್ ಹಂಗರಿಗೆ 85 ಪಂದ್ಯಗಳಲ್ಲಿ 84 ಗೋಲು ಹೊಡೆದವರು. ಪುಷ್ಕಾಶ್ ದೊಡ್ಡವರು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವರ ಪಕ್ಕದಲ್ಲೇ ನಿಂತಿದ್ದ ಮನುಷ್ಯನ ಕಥೆಯನ್ನು ಯಾರಾದರೂ ಪೂರ್ತಿ ಹೇಳಬೇಕು ಎಂದು ನನಗೆ ಬಹಳ ದಿನದಿಂದ ಅನಿಸಿದೆ. ಅದರಲ್ಲೂ ಒಬ್ಬ ರೈಟ್ ವಿಂಗರ್ ನಿಂತ ಜಾಗದಿಂದ.

ಏಕೆಂದರೆ ಕೊಚಿಶ್ ಅವರನ್ನು ಊರವರು ಕರೆದದ್ದು ‘ಚಿನ್ನದ ತಲೆ’ ಎಂದು. ಕಾಲಿನಿಂದ ಹೊಡೆಯುವ ಗೋಲನ್ನು ಒಬ್ಬನೇ ಕಟ್ಟಬಹುದು. ಅರ್ಧ ಮೈದಾನದಿಂದ ಚೆಂಡು ತಂದು, ನಾಲ್ವರನ್ನು ದಾಟಿಸಿ, ಯಾರ ಹಂಗೂ ಇಲ್ಲದೆ ಹೊಡೆಯಬಹುದು. ತಲೆಯಿಂದ ಹೊಡೆಯುವ ಗೋಲಿಗೆ ಇನ್ನೊಬ್ಬ ಬೇಕೇ ಬೇಕು. ಬೇರೊಬ್ಬನ ಕಾಲಿನಿಂದ ಹೊರಟ ಚೆಂಡು, ಅದರ ವೇಗ, ಅದರ ತಿರುವು, ಅದು ಇಳಿಯುವ ಗಳಿಗೆ – ಇವೆಲ್ಲ ಮೊದಲೇ ತೀರ್ಮಾನವಾಗಿರುತ್ತವೆ. ಹಾರುವವನು ಆ ತೀರ್ಮಾನವನ್ನು ಓದಿಕೊಂಡು ಅದಕ್ಕೆ ತಕ್ಕ ಹಾಗೆ ನೆಲ ಬಿಡಬೇಕು. ಸ್ವಲ್ಪ ಮುಂಚೆ ಹಾರಿದರೆ ಇಳಿಯುವಾಗ ಚೆಂಡು ನೆತ್ತಿಗೆ ತಾಗಿ ಮೇಲೆ ಹೋಗುತ್ತದೆ. ತಡವಾದರೆ ಡಿಫೆಂಡರ್ ಹೆಗಲು ಅಡ್ಡ ಬಂದಿರುತ್ತದೆ. ಕೊಚಿಶ್ ಆರಡಿ ಮುಟ್ಟಿದವರಲ್ಲ. ತಮಗಿಂತ ಎತ್ತರದವರ ನಡುವೆ ಅವರು ಮೊದಲು ಮೇಲೇರಿ, ಉಳಿದವರು ಇಳಿಯತೊಡಗಿದಾಗಲೂ ಅಲ್ಲೇ ಇದ್ದವರಂತೆ ಕಾಣುತ್ತಾರೆ. ಕುತ್ತಿಗೆಯನ್ನು ಹಿಂದಕ್ಕೆಳೆದು ಹಣೆಯಿಂದ ಚೆಂಡನ್ನು ಕೆಳಗೆ, ಗೋಲಿನ ಮೂಲೆಗೆ ಬಡಿಯುತ್ತಾರೆ. ಆಗಿನ ಚೆಂಡು ಚರ್ಮದ್ದು, ಮಳೆ ಬಂದರೆ ನೀರು ಕುಡಿದು ಕಲ್ಲಿನ ಹಾಗಾಗುತ್ತಿತ್ತು. ಅದಕ್ಕೆ ಹಣೆ ಕೊಡುವುದೆಂದರೇನು ಎಂದು ಹಳೆಯ ಚರ್ಮದ ಚೆಂಡಿನಲ್ಲಿ ಒಮ್ಮೆಯಾದರೂ ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಇನ್ನೊಬ್ಬನ ಹೆಸರು ಲಾಸ್ಲೋ ಬುದೈ. ರೈಟ್ ವಿಂಗರ್.

ಕೊಚಿಶ್ ಹುಟ್ಟಿದ್ದು 1929ರ ಸೆಪ್ಟೆಂಬರಿನಲ್ಲಿ, ಬುದಾಪೆಷ್ಟಿನಲ್ಲಿ. ಎರಡನೇ ಮಹಾಯುದ್ಧ ಮುಗಿದು ಊರು ಇನ್ನೂ ಕುಸಿದ ಗೋಡೆಗಳ ನಡುವೆ ಉಸಿರಾಡುತ್ತಿದ್ದಾಗ, ಹದಿಹರೆಯದ ಹುಡುಗನಾಗಿ ಅವರು ಫೆರೆಂತ್ಸ್‌ವಾರೋಶ್ ಕ್ಲಬ್ ಸೇರಿದರು. ಹಸಿರು–ಬಿಳಿ ಅಂಗಿಯ, ಕೂಲಿಕಾರರೂ ಸಣ್ಣ ವ್ಯಾಪಾರಿಗಳೂ ಎದೆಗಪ್ಪಿಕೊಂಡ ಕ್ಲಬ್ ಅದು. 1948–49ರ ಸಾಲಿನಲ್ಲಿ ಫೆರೆಂತ್ಸ್‌ವಾರೋಶ್ ಲೀಗ್ ಗೆದ್ದಾಗ 30 ಪಂದ್ಯಗಳಲ್ಲಿ ಹೊಡೆದದ್ದು 140 ಗೋಲು. ಈ ಸಂಖ್ಯೆಯನ್ನು ನಾನು ಮೊದಲು ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ. ಆ ಮುಂಪಡೆಯ ಬಲತುದಿಯಲ್ಲಿ ಬುದೈ, ಅವರ ಪಕ್ಕ ಕೊಚಿಶ್, ನಡುವೆ ಫೆರೆಂತ್ಸ್ ದೆಯಾಕ್, ಎಡತುದಿಯಲ್ಲಿ ಜೋಲ್ತಾನ್ ತ್ಸಿಬೋರ್. ದೆಯಾಕ್ ಒಬ್ಬರೇ ಆ ವರ್ಷ 59 ಗೋಲು ಹೊಡೆದರು. ಬುದೈ ಹಾಕುವುದು, ಕೊಚಿಶ್ ಹಾರುವುದು – ಆ ಜೋಡಿ ಕುದುರಿದ್ದು ಅಲ್ಲಿ.

ಆ ಮುಂಪಡೆ ಹೆಚ್ಚು ದಿನ ಉಳಿಯಲಿಲ್ಲ. ದೇಶ ಕಮ್ಯುನಿಸ್ಟ್ ಆಳ್ವಿಕೆಗೆ ಬಂದಿತ್ತು. 1949ರಿಂದ ಕ್ಲಬ್‌ಗಳನ್ನೆಲ್ಲ ಸರ್ಕಾರ ತನ್ನ ಇಲಾಖೆಗಳಿಗೆ ಹಂಚಿತು. ಕಿಶ್‌ಪೆಷ್ಟ್ ಎಂಬ ಬಡಾವಣೆಯ ಕ್ಲಬ್ಬು ಸೈನ್ಯದ ಪಾಲಾಗಿ ಹೊನ್ವೇದ್ ಆಯಿತು. ಪುಷ್ಕಾಶ್, ಯೋಝೆಫ್ ಬೋಝಿಕ್ ಮೊದಲೇ ಅಲ್ಲಿದ್ದರು. ಸೈನ್ಯಕ್ಕೆ ಯಾರನ್ನು ಬೇಕಾದರೂ ಕರೆಸಿಕೊಳ್ಳುವ ಅಧಿಕಾರವಿತ್ತು. ಕೊಚಿಶ್ ಹೋದರು, ಬುದೈ ಹೋದರು, ಸ್ವಲ್ಪ ತಡವಾಗಿ ತ್ಸಿಬೋರ್ ಕೂಡ ಹೋದರು. ಇತ್ತ ಫೆರೆಂತ್ಸ್‌ವಾರೋಶ್ ಹೆಸರನ್ನೂ ಬದಲಿಸಿದರು, ಹಸಿರು ಬಣ್ಣವನ್ನೂ ತೆಗೆಸಿದರು. ತನ್ನ ಕ್ಲಬ್ಬಿನ ಹೆಸರು, ಬಣ್ಣ ಎರಡೂ ಕಣ್ಣೆದುರೇ ಅಳಿಸಿಹೋಗುವುದನ್ನು ನೋಡುತ್ತ ಇನ್ನೊಂದು ಅಂಗಿ ತೊಟ್ಟು ಆಡುವುದು ಇಪ್ಪತ್ತು ವರ್ಷದ ಹುಡುಗನಿಗೆ ಹೇಗಿದ್ದಿರಬಹುದು? ಹೊನ್ವೇದ್‌ನಲ್ಲಿ ಅವರು ನಾಲ್ಕು ಲೀಗ್ ಪ್ರಶಸ್ತಿ ಗೆದ್ದರು, ಮೂರು ಸಲ ದೇಶದ ಅತಿ ಹೆಚ್ಚು ಗೋಲಿನ ಆಟಗಾರರಾದರು.

ಹೊನ್ವೇದ್ ಆಟಗಾರರೇ ರಾಷ್ಟ್ರೀಯ ತಂಡದ ಬೆನ್ನೆಲುಬು. ವರ್ಷವಿಡೀ ಜೊತೆಗಿದ್ದು, ಜೊತೆಗೆ ಉಂಡು, ಜೊತೆಗೆ ಆಡಿದವರು. ಕೋಚ್ ಗುಸ್ತಾವ್ ಶೆಬೆಶ್. ಆ ಕಾಲದಲ್ಲಿ ಅಂಗಿಯ ನಂಬರ್ ನೋಡಿಯೇ ಆಟಗಾರ ಎಲ್ಲಿ ನಿಲ್ಲುತ್ತಾನೆಂದು ಹೇಳಬಹುದಿತ್ತು. 9 ಎಂದರೆ ಸೆಂಟರ್ ಫಾರ್ವರ್ಡ್, ಎದುರಾಳಿ ಗೋಲಿನ ಮುಂದೆ ಕಂಬದಂತೆ ನಿಲ್ಲುವವನು. ಹಂಗರಿಯವರು ಇದನ್ನೇ ತಿರುಗಿಸಿಬಿಟ್ಟರು. 9ನೇ ಅಂಗಿಯ ನಾಂದೋರ್ ಹಿದೆಗ್‌ಕುತಿ ಹಿಂದೆ ಸರಿದು ಮಧ್ಯದಲ್ಲಿ ಆಡುತ್ತಿದ್ದರು. 8 ಮತ್ತು 10, ಅಂದರೆ ಕೊಚಿಶ್ ಮತ್ತು ಪುಷ್ಕಾಶ್, ಮುಂದೆ ನುಗ್ಗುತ್ತಿದ್ದರು. ಎದುರು ತಂಡದ ಡಿಫೆಂಡರ್ ಹಿದೆಗ್‌ಕುತಿಯ ಬೆನ್ನು ಹತ್ತಿ ಮುಂದೆ ಬಂದರೆ ಹಿಂದೆ ದೊಡ್ಡ ಬಯಲು. ಆ ಬಯಲಿಗೆ ನುಗ್ಗುವವರು ಕೊಚಿಶ್. ಬಾರದೆ ನಿಂತರೆ ಹಿದೆಗ್‌ಕುತಿಗೆ ಬೇಕಾದಷ್ಟು ಹೊತ್ತು, ಬೇಕಾದಷ್ಟು ಜಾಗ.

1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲೇ. 6–3. ಹಿದೆಗ್‌ಕುತಿ ಮೂರು, ಪುಷ್ಕಾಶ್ ಎರಡು, ಬೋಝಿಕ್ ಒಂದು. ಶತಮಾನದ ಪಂದ್ಯ ಎಂದು ಹೆಸರಾದ ಆ ದಿನ ಕೊಚಿಶ್ ಗೋಲು ಹೊಡೆಯಲಿಲ್ಲ. ಎಲ್ಲರೂ ಮತ್ತೆ ಮತ್ತೆ ತೋರಿಸುವ ಪಂದ್ಯದಲ್ಲಿ ಅವರ ಹೆಸರು ಫಲಕದಲ್ಲಿಲ್ಲ. ಆರು ತಿಂಗಳ ನಂತರ ಇಂಗ್ಲೆಂಡ್ ಬುದಾಪೆಷ್ಟಿಗೆ ಬಂದು 7–1ರಿಂದ ಸೋತಾಗ ಅವರು ಎರಡು ಹೊಡೆದರು. ಆ ಪಂದ್ಯವನ್ನು ಯಾರೂ ಅಷ್ಟು ನೆನೆಯುವುದಿಲ್ಲ.

ಅದಕ್ಕೂ ಮುಂಚೆ ಹೆಲ್ಸಿಂಕಿ, 1952. ಅಲ್ಲಿ ಒಂದು ಸಣ್ಣ ನೂಲು ನಮ್ಮ ಊರಿಗೂ ಬಂದು ಸೇರುತ್ತದೆ. ಆ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯ ಎದುರು 10–1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದವರು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಅದೇ ಯುಗೊಸ್ಲಾವಿಯವನ್ನು ಫೈನಲ್‌ನಲ್ಲಿ ಹಂಗರಿ 2–0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಟೂರ್ನಿಯಲ್ಲಿ ಕೊಚಿಶ್ ಆರು ಗೋಲು ಹೊಡೆದರು. ಹುಡುಗರಾಗಿದ್ದಾಗ ಈ ಲೆಕ್ಕ ನಮಗೆ ಬಹಳ ಪ್ರಿಯವಾಗಿತ್ತು. ಅಹ್ಮದ್ ಖಾನ್ ಯಾರ ವಿರುದ್ಧ ಗೋಲು ಹೊಡೆದರೋ ಆ ತಂಡವೇ ಹಂಗರಿಯ ಎದುರು ಒಂದು ಗೋಲೂ ಹೊಡೆಯಲಾಗದೆ ಹೋಯಿತು ಎಂದು ಹೇಳಿಕೊಂಡು ಹೆಮ್ಮೆಪಡುತ್ತಿದ್ದೆವು.

1954ರ ವಿಶ್ವಕಪ್ ಸ್ವಿಟ್ಜರ್ಲೆಂಡಿನಲ್ಲಿ. ಹಂಗರಿ 1950ರ ಬೇಸಿಗೆಯಿಂದ ಒಂದು ಪಂದ್ಯವನ್ನೂ ಸೋಲದೆ ಅಲ್ಲಿಗೆ ಬಂದಿತ್ತು. ಮೊದಲ ಪಂದ್ಯ ದಕ್ಷಿಣ ಕೊರಿಯ ಜೊತೆ, 9–0, ಕೊಚಿಶ್ ಮೂರು. ಎರಡನೆಯದು ಪಶ್ಚಿಮ ಜರ್ಮನಿ ಜೊತೆ, 8–3, ಕೊಚಿಶ್ ನಾಲ್ಕು. ಒಂದೇ ವಿಶ್ವಕಪ್‌ನಲ್ಲಿ ಎರಡು ಹ್ಯಾಟ್ರಿಕ್ ಹೊಡೆದವರಲ್ಲಿ ಅವರೇ ಮೊದಲಿಗರು. ಆ ಎರಡನೇ ಪಂದ್ಯದಲ್ಲಿ ವೆರ್ನರ್ ಲೀಬ್ರಿಖ್ ಒದೆತಕ್ಕೆ ಪುಷ್ಕಾಶ್ ಪಾದ ಉಳುಕಿತು. ಮುಂದಿನ ಎರಡು ಪಂದ್ಯಗಳಿಗೆ ಅವರಿಲ್ಲ. ಆ ಎರಡು ಪಂದ್ಯ ಯಾರ ಜೊತೆ ಗೊತ್ತೆ? ಬ್ರೆಜಿಲ್, ಉರುಗ್ವೆ. ಕಳೆದ ಸಲದ ಎರಡನೇ ಸ್ಥಾನದವರು, ಕಳೆದ ಸಲದ ಚಾಂಪಿಯನ್ನರು.

ಬ್ರೆಜಿಲ್ ಜೊತೆ ಬರ್ನ್‌ನಲ್ಲಿ ನಡೆದದ್ದು ಮಳೆಯಲ್ಲಿ ಹೊಡೆದಾಟ. ಮೂವರನ್ನು ರೆಫ್ರಿ ಹೊರಗೆ ಹಾಕಿದರು, ಪಂದ್ಯ ಮುಗಿದ ಮೇಲೂ ಜಗಳ ನಿಲ್ಲಲಿಲ್ಲ. 4–2, ಕೊಚಿಶ್ ಎರಡು. ಅದನ್ನು ಅಲ್ಲಿಗೇ ಬಿಡುತ್ತೇನೆ.

ಲೊಸಾನ್‌ನ ಸೆಮಿಫೈನಲ್ ಬಗ್ಗೆ ಮಾತ್ರ ಎಷ್ಟು ಹೇಳಿದರೂ ನನಗೆ ಸಾಲದು. ಉರುಗ್ವೆ ಅಲ್ಲಿಯವರೆಗೆ ವಿಶ್ವಕಪ್‌ನಲ್ಲಿ ಒಂದೇ ಒಂದು ಪಂದ್ಯ ಸೋತಿರಲಿಲ್ಲ. ಹಂಗರಿ 2–0 ಮುಂದಿತ್ತು. ಕೊನೆಯ ಕಾಲು ಗಂಟೆಯಲ್ಲಿ ಹುವಾನ್ ಹೋಬರ್ಗ್ ಎರಡು ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿ. ಎರಡೂ ತಂಡಗಳ ಕಾಲುಗಳಲ್ಲಿ ಜೀವವಿಲ್ಲ, ಹೋಬರ್ಗ್ ಹೊಡೆತವೊಂದು ಕಂಬಕ್ಕೆ ಬಡಿದು ವಾಪಸ್ ಬಂತು. ಪುಷ್ಕಾಶ್ ಬೆಂಚಿನಲ್ಲಿ. ಬಲಗಡೆ ಆಡುತ್ತಿದ್ದವರು ಬುದೈ. 111ನೇ ನಿಮಿಷ: ಬುದೈ ಕ್ರಾಸ್, ಕೊಚಿಶ್ ತಲೆ, ಗೋಲು. ಐದು ನಿಮಿಷ ಕಳೆದು ಕೊಚಿಶ್ ಮತ್ತೊಮ್ಮೆ ಹಾರಿದರು. 4–2. ನೂರ ಹತ್ತು ನಿಮಿಷ ಓಡಿದ ಮೇಲೆ ಮನುಷ್ಯ ಹಾರುವುದೇ ಕಷ್ಟ. ಎಲ್ಲರೂ ದಣಿದಾಗ ಯೋಚನೆ ಬೇಡದ ಕೆಲಸವೊಂದೇ ಕೈಹಿಡಿಯುತ್ತದೆ, ಎಷ್ಟೋ ವರ್ಷ ಇಬ್ಬರೂ ಕೂಡಿ ಮಾಡಿ ಮಾಡಿ ಮೈಗೆ ಹತ್ತಿದ ಕೆಲಸ. ಬುದೈ ಆ ಚೆಂಡು ಹಾಕುವಾಗ ತಲೆ ಎತ್ತಿ ನೋಡಿರಲಾರರು ಎಂದೇ ನನ್ನ ನಂಬಿಕೆ. ನೋಡುವ ಅಗತ್ಯವೂ ಇರಲಿಲ್ಲ.

ನಾಲ್ಕು ದಿನದ ಮೇಲೆ, ಜುಲೈ 4ರಂದು ಬರ್ನ್‌ನ ವಾಂಕ್‌ಡೋರ್ಫ್ ಮೈದಾನದಲ್ಲಿ ಫೈನಲ್. ಮತ್ತೆ ಪಶ್ಚಿಮ ಜರ್ಮನಿ. ಮತ್ತೆ ಮಳೆ. ಜರ್ಮನ್ನರಿಗೆ ಅದು ಅವರ ನಾಯಕ ಫ್ರಿಟ್ಸ್ ವಾಲ್ಟರ್‌ಗೆ ಒಗ್ಗುವ ಹವೆ. ಆದಿ ದಾಸ್ಲರ್ ಮಾಡಿಕೊಟ್ಟ ಬೂಟಿನ ಅಡಿಗೆ ಉದ್ದನೆಯ ಮೊಳೆ ತಿರುಗಿಸಿ ಹಾಕಿಕೊಂಡರು. ಈ ಪಂದ್ಯದ ಬಗ್ಗೆ ಬರೆಯುವವರೆಲ್ಲ ಪೂರ್ತಿ ವಾಸಿಯಾಗದ ಪುಷ್ಕಾಶ್ ಪಾದದ ಬಗ್ಗೆ ಬರೆಯುತ್ತಾರೆ, ಬೂಟಿನ ಬಗ್ಗೆ ಬರೆಯುತ್ತಾರೆ, ಕೊನೆಗಳಿಗೆಯ ಆಫ್‌ಸೈಡ್ ಬಗ್ಗೆ ಬರೆಯುತ್ತಾರೆ. ನನ್ನ ಕಣ್ಣು ಹೋಗುವುದು ತಂಡದ ಪಟ್ಟಿಯ ಬಲತುದಿಗೆ. ಅಲ್ಲಿ ಬುದೈ ಹೆಸರಿಲ್ಲ. ಶೆಬೆಶ್ ಅವರನ್ನು ಕೈಬಿಟ್ಟಿದ್ದರು. ಎಡಗಡೆಯ ತ್ಸಿಬೋರ್ ಬಲಕ್ಕೆ ಬಂದರು, ಎಡಕ್ಕೆ ಮಿಹಾಯ್ ತೋತ್ ಬಂದರು.

ಶೆಬೆಶ್ ಲೆಕ್ಕಾಚಾರ ಅವರದು, ಮೊದಲ ಎಂಟು ನಿಮಿಷ ಅದು ಸರಿಯಾಗಿಯೇ ಕಂಡಿತು. ಆರನೇ ನಿಮಿಷಕ್ಕೆ ಪುಷ್ಕಾಶ್ ಗೋಲು, ಎಂಟನೇ ನಿಮಿಷಕ್ಕೆ ಬಲಗಡೆಗೆ ಬಂದ ಅದೇ ತ್ಸಿಬೋರ್ ಗೋಲು. ಹದಿನೆಂಟನೇ ನಿಮಿಷದ ಹೊತ್ತಿಗೆ 2–2. ಆಮೇಲೆ ಒಂದು ಗಂಟೆಗೂ ಮಿಕ್ಕಿ ಹಂಗರಿ ಬಡಿಯುತ್ತಲೇ ಹೋಯಿತು. ಗೋಲಿ ತೋನಿ ಟುರೆಕ್ ತಡೆದರು, ಕಂಬ ತಡೆಯಿತು, ಕೊಚಿಶ್ ತಲೆಯಿಂದ ಹೊಡೆದ ಚೆಂಡನ್ನು ಮೇಲಿನ ಅಡ್ಡಪಟ್ಟಿ ತಡೆಯಿತು. 84ನೇ ನಿಮಿಷ ಹೆಲ್ಮುಟ್ ರಾನ್ ಹೊಡೆದರು, 3–2. ಕೊನೆಯಲ್ಲಿ ಪುಷ್ಕಾಶ್ ಚೆಂಡನ್ನು ಬಲೆಗೆ ಸೇರಿಸಿದರೆ ವೇಲ್ಸ್‌ನ ಲೈನ್ಸ್‌ಮನ್ ಮರ್ವಿನ್ ಗ್ರಿಫಿತ್ಸ್ ಆಫ್‌ಸೈಡ್ ಎಂದು ಬಾವುಟ ಎತ್ತಿದರು, ಗೋಲು ಲೆಕ್ಕಕ್ಕೆ ಬರಲಿಲ್ಲ. ಐದು ಪಂದ್ಯ, ಹನ್ನೊಂದು ಗೋಲು; ಆ ಹನ್ನೊಂದೂ ಮೊದಲ ನಾಲ್ಕು ಪಂದ್ಯಗಳಲ್ಲಿ ಬಂದವು. ಅಲ್ಲಿಯವರೆಗೆ ವಿಶ್ವಕಪ್‌ನಲ್ಲಿ ಅಷ್ಟು ಗೋಲು ಯಾರೂ ಹೊಡೆದಿರಲಿಲ್ಲ. ಬುದೈ ಆಡಿದ್ದರೆ ಹಂಗರಿ ಗೆಲ್ಲುತ್ತಿತ್ತು ಎಂದು ನಾನು ಹೇಳಲಾರೆ. ಅಂಥ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಆದರೆ ತಲೆಯಿಂದ ಗೋಲು ಹೊಡೆಯುವವನ ಹತ್ತಿರದಿಂದ ಅವನಿಗೆ ಚೆಂಡು ಹಾಕುವವನನ್ನು ಫೈನಲ್ ದಿನ ತೆಗೆದಿಟ್ಟರು ಎನ್ನುವುದನ್ನು ಮಾತ್ರ ನನ್ನಿಂದ ಮರೆಯಲಾಗಿಲ್ಲ. ನಾನು ವಿಂಗ್ ಆಡಿದವನು, ನನಗೆ ಅದು ಮೊದಲು ಕಾಣುತ್ತದೆ.

3–2. ಈ ಅಂಕಿ ಕೊಚಿಶ್ ಬದುಕಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಹೊನ್ವೇದ್ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ಗೆ ಹೋಗಿ ಆ ಊರಿನ ವುಲ್ವ್ಸ್ ತಂಡದ ಜೊತೆ ಆಡಿತು. ಮೊಲಿನ್ಯೂ ಮೈದಾನ, ರಾತ್ರಿ ದೀಪದ ಬೆಳಕು, ಹೊಲದ ಕೆಸರಿನಂಥ ನೆಲ. ಮೊದಲ ಗೋಲು ಕೊಚಿಶ್ ಅವರ ಹೆಡ್ಡರ್. ಹೊನ್ವೇದ್ 2–0 ಮುಂದಿದ್ದು 3–2ರಿಂದ ಸೋತಿತು. ಇಂಗ್ಲಿಷ್ ಪತ್ರಿಕೆಗಳು ವುಲ್ವ್ಸ್ ತಂಡವನ್ನು ಜಗತ್ತಿನ ಚಾಂಪಿಯನ್ ಎಂದು ಬರೆದದ್ದನ್ನು ಫ್ರಾನ್ಸಿನ ಪತ್ರಕರ್ತ ಗಾಬ್ರಿಯೆಲ್ ಆನೊ ಒಪ್ಪಲಿಲ್ಲ. ಹಾಗಾದರೆ ಯುರೋಪಿನ ಕ್ಲಬ್‌ಗಳೆಲ್ಲ ಸೇರಿ ಆಡಿ ತೀರ್ಮಾನಿಸಲಿ ಎಂದರು. ಯುರೋಪಿಯನ್ ಕಪ್ ಹುಟ್ಟಿದ್ದು ಹಾಗೆ. ಇವತ್ತು ನಾವು ನಡುರಾತ್ರಿ ಎದ್ದು ನೋಡುವ ಚಾಂಪಿಯನ್ಸ್ ಲೀಗ್‌ನ ಬೇರು ಆ ಕೆಸರಿನಲ್ಲಿದೆ.

1956ರ ಅಕ್ಟೋಬರ್ 23. ಬುದಾಪೆಷ್ಟಿನ ಬೀದಿಗಳಲ್ಲಿ ದಂಗೆ. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಊರೊಳಗೆ ಬಂದವು. ಯುರೋಪಿಯನ್ ಕಪ್ ಪಂದ್ಯಕ್ಕೆಂದು ಹೊನ್ವೇದ್ ಆಗ ಹೊರದೇಶದಲ್ಲಿತ್ತು. ನವೆಂಬರ್ 22ರಂದು ಬಿಲ್ಬಾವೊದಲ್ಲಿ ಅಥ್ಲೆಟಿಕ್ ತಂಡದ ಎದುರು ಆಡಿದರು. ಫಲಿತಾಂಶ ಮತ್ತೆ 3–2, ಮತ್ತೆ ಸೋಲು. ಎರಡನೇ ಪಂದ್ಯ ಬುದಾಪೆಷ್ಟಿನಲ್ಲಿ ಆಗಬೇಕಿತ್ತು. ಯಾವ ಬುದಾಪೆಷ್ಟಿಗೆ ಹೋಗುವುದು? ಡಿಸೆಂಬರಿನಲ್ಲಿ ಬ್ರಸೆಲ್ಸ್‌ನಲ್ಲಿ ಆಡಿದರು. ಗೋಲ್‌ಕೀಪರ್‌ಗೆ ಪೆಟ್ಟಾಯಿತು, ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ, ವಿಂಗರ್ ತ್ಸಿಬೋರ್ ಹೋಗಿ ಗೋಲಿನಲ್ಲಿ ನಿಂತರು. 3–3. ಒಟ್ಟು ಲೆಕ್ಕದಲ್ಲಿ 6–5ರಿಂದ ಹೊರಬಿದ್ದರು.

ಆಮೇಲೆ ಮನೆಯಿಲ್ಲದ ತಂಡದ ತಿರುಗಾಟ. ದೇಶದ ಅಧಿಕಾರಿಗಳೂ ಫಿಫಾ ಕೂಡ ಬೇಡವೆಂದರೂ 1957ರ ಆರಂಭದಲ್ಲಿ ಬ್ರೆಜಿಲ್‌ಗೆ ಹೋಗಿ ಫ್ಲಮೆಂಗೊ, ಬೊಟಾಫೊಗೊ ತಂಡಗಳ ಜೊತೆ ಆಡಿದರು. ಕೋಚ್ ಆಗಿ ಜೊತೆಗಿದ್ದವರು ಬೇಲಾ ಗುಟ್‌ಮನ್, ಅವರೂ ಬುದಾಪೆಷ್ಟಿನವರೇ. ಈ ಹೆಸರನ್ನು ನೆನಪಿಡಿ. ಪ್ರವಾಸ ಮುಗಿದ ಮೇಲೆ ದಾರಿ ಕವಲಾಯಿತು. ಬೋಝಿಕ್ ಊರಿಗೆ ಮರಳಿದರು. ಬುದೈ ಮರಳಿದರು. ಪುಷ್ಕಾಶ್, ತ್ಸಿಬೋರ್, ಕೊಚಿಶ್ ಮರಳಲಿಲ್ಲ. ಹೋದವರದು ಸರಿಯೇ, ಉಳಿದವರದು ಸರಿಯೇ ಎಂದು ಇಷ್ಟು ದೂರದಿಂದ ತೂಗಲು ನನಗೆ ಮನಸ್ಸು ಬಾರದು. ಹುಡುಗರಾಗಿದ್ದಾಗಿನಿಂದ ಒಂದೇ ಗೆರೆಯ ಮೇಲೆ ಆಡಿದ ಇಬ್ಬರು, ಒಬ್ಬರು ಗಡಿಯ ಆಚೆ, ಒಬ್ಬರು ಈಚೆ. ಕೊಚಿಶ್ 27 ವರ್ಷಕ್ಕೆ ದೇಶದ ಅಂಗಿ ಕಳಚಿದರು. ಮತ್ತೆ ಯಾವ ದೇಶದ ಅಂಗಿಯನ್ನೂ ತೊಡಲಿಲ್ಲ.

ದಂಗೆಯಾದ 1956ರ ಕೊನೆಯಲ್ಲೇ ಮೆಲ್ಬರ್ನ್ ಒಲಿಂಪಿಕ್ಸ್. ಮೊದಲ ಸುತ್ತಿನಲ್ಲಿ ಭಾರತದ ಎದುರಾಳಿ ಯಾರೆಂದರೆ ಹಂಗರಿ. ಹಂಗರಿಯ ಫುಟ್‌ಬಾಲ್ ತಂಡ ಹಿಂದೆ ಸರಿಯಿತು, ನಮ್ಮವರು ಆಡದೆಯೇ ಮುಂದೆ ಹೋದರು. ಬೆಂಗಳೂರಿನ ಕೆಂಪಯ್ಯ ಇದ್ದ ಆ ತಂಡ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ನಾಲ್ಕನೇ ಸ್ಥಾನದ ಹೆಮ್ಮೆ ನನಗೂ ಇದೆ. ಆ ಹೆಮ್ಮೆಯ ಮೊದಲ ಮೆಟ್ಟಿಲು ಬುದಾಪೆಷ್ಟಿನ ಸುಟ್ಟ ಬೀದಿಗಳಿಂದ ಬಂದದ್ದು ಎಂದು ತಿಳಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಕೊಚಿಶ್ ಒಂದು ವರ್ಷ ಜೂರಿಕ್‌ನ ಯಂಗ್ ಫೆಲೋಸ್ ಕ್ಲಬ್ಬಿನಲ್ಲಿದ್ದರು. ಬಾರ್ಸಿಲೋನಾದಲ್ಲಿ ಇನ್ನೊಬ್ಬ ಹಂಗರಿಯ ಮನುಷ್ಯ, ಲಾಸ್ಲೋ ಕುಬಾಲಾ, ಆಗಲೇ ಊರಿನ ಕಣ್ಮಣಿಯಾಗಿದ್ದರು. 1958ರಲ್ಲಿ ಕುಬಾಲಾ ಮೂಲಕ ಕೊಚಿಶ್, ತ್ಸಿಬೋರ್ ಇಬ್ಬರೂ ಅಲ್ಲಿಗೆ ಬಂದರು. ಅದೇ ವರ್ಷ ಪುಷ್ಕಾಶ್ ಸೇರಿದ್ದು ರಿಯಲ್ ಮ್ಯಾಡ್ರಿಡ್. ಹೊನ್ವೇದ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟವರು ಸ್ಪೇನಿನಲ್ಲಿ ಎದುರುಬದುರಾದರು. ಬಾರ್ಸಿಲೋನಾ 1959ರಲ್ಲೂ 1960ರಲ್ಲೂ ಲೀಗ್ ಗೆದ್ದಿತು. ಆದರೆ ಎಲೆನಿಯೊ ಎರೆರಾ ಕೋಚ್ ಆಗಿದ್ದ ಆ ತಂಡದಲ್ಲಿ ಹೊರದೇಶದ ಫಾರ್ವರ್ಡ್‌ಗಳು ಒಬ್ಬರಿಗಿಂತ ಒಬ್ಬರು ಮೇಲು, ಜಾಗ ಮಾತ್ರ ಕಡಿಮೆ. ದೇಶಕ್ಕೆ 75 ಗೋಲು ಹೊಡೆದವರು ಇಲ್ಲಿ ತಮ್ಮ ಸರದಿಗಾಗಿ ಕಾಯಬೇಕಾಗುತ್ತಿತ್ತು.

ಸರದಿ ಬಂದ ಒಂದು ರಾತ್ರಿಯ ಬಗ್ಗೆ ಹೇಳಲೇಬೇಕು. 1960ರ ಮಾರ್ಚ್ 2. ಯುರೋಪಿಯನ್ ಕಪ್ ಕ್ವಾರ್ಟರ್ ಫೈನಲ್, ಎದುರಾಳಿ ವುಲ್ವ್ಸ್, ಮೈದಾನ ಅದೇ ಮೊಲಿನ್ಯೂ. ಹೊನ್ವೇದ್ ಸೋತ ಕೆಸರಿನ ಮೈದಾನ. ಬಾರ್ಸಿಲೋನಾ 5–2ರಿಂದ ಗೆದ್ದಿತು, ಅದರಲ್ಲಿ ನಾಲ್ಕು ಕೊಚಿಶ್ ಅವರದು. ಐದು ವರ್ಷದ ಹಿಂದಿನ ಆ ರಾತ್ರಿ ಅವರ ಮನಸ್ಸಿನಲ್ಲಿತ್ತೋ ಇಲ್ಲವೋ. ನನ್ನ ಮನಸ್ಸಿನಲ್ಲಂತೂ ಈ ಎರಡು ಪಂದ್ಯ ಯಾವಾಗಲೂ ಒಟ್ಟಿಗೇ ಬರುತ್ತವೆ. ಆ ಸಲ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ತಡೆದದ್ದು ರಿಯಲ್ ಮ್ಯಾಡ್ರಿಡ್; ಗೋಲು ಹೊಡೆದವರಲ್ಲಿ ಪುಷ್ಕಾಶ್ ಕೂಡ ಇದ್ದರು. ಫೈನಲ್‌ನಲ್ಲಿ ಅವರು ನಾಲ್ಕು ಗೋಲು ಹೊಡೆದು ಕಪ್ ಎತ್ತಿದರು.

ಮರುವರ್ಷ ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡನ್ನು ಹೊರಗೆ ಹಾಕಿತು. ಯುರೋಪಿಯನ್ ಕಪ್‌ನಲ್ಲಿ ಆ ತಂಡವನ್ನು ಹಾಗೆ ಹೊರಹಾಕಿದವರು ಅವರೇ ಮೊದಲು. ಹ್ಯಾಂಬರ್ಗ್ ಎದುರಿನ ಸೆಮಿಫೈನಲ್‌ನಲ್ಲಿ ಎಲ್ಲ ಮುಗಿಯಿತು ಅನ್ನುವಾಗ, ಕಟ್ಟಕಡೆಯ ಗಳಿಗೆಯಲ್ಲಿ ಕೊಚಿಶ್ ತಲೆಯಿಂದ ಹೊಡೆದು ತಂಡವನ್ನು ಉಳಿಸಿದರು. ನಿರ್ಣಾಯಕ ಪಂದ್ಯ ಗೆದ್ದು ಫೈನಲ್ ತಲುಪಿದರು. 1961ರ ಮೇ 31. ಎದುರಾಳಿ ಬೆನ್ಫಿಕಾ. ಬೆನ್ಫಿಕಾದ ಕೋಚ್ ಬೇಲಾ ಗುಟ್‌ಮನ್, ಬ್ರೆಜಿಲ್ ಪ್ರವಾಸದ ಅದೇ ಗುಟ್‌ಮನ್. ಊರು ಬರ್ನ್. ಮೈದಾನ ವಾಂಕ್‌ಡೋರ್ಫ್.

ಏಳು ವರ್ಷದ ಹಿಂದೆ ಎಲ್ಲವನ್ನೂ ಕಳೆದುಕೊಂಡ ಹುಲ್ಲಿನ ಮೇಲೆ ಕೊಚಿಶ್, ತ್ಸಿಬೋರ್ ಮತ್ತೆ ಕಾಲಿಟ್ಟರು. 21ನೇ ನಿಮಿಷಕ್ಕೆ ಕೊಚಿಶ್ ಮುನ್ನುಗ್ಗಿ ಹಣೆ ಕೊಟ್ಟು ಗೋಲು ಹೊಡೆದರು. ಅಂದು ಅಡ್ಡಪಟ್ಟಿಗೆ ಬಡಿದದ್ದು ಇಂದು ಬಲೆಗೆ ಬಿತ್ತು. ಇಲ್ಲಿಗೆ ಕಥೆ ನಿಲ್ಲಬಾರದಿತ್ತೇ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಹತ್ತು ನಿಮಿಷದ ಮೇಲೆ ಬೆನ್ಫಿಕಾ ಸಮ ಮಾಡಿತು. ಮರುನಿಮಿಷವೇ ಬಾರ್ಸಿಲೋನಾದ ಗೋಲಿ ರಮಾಲೆಟ್ಸ್ ಕೈತಪ್ಪಿ ಚೆಂಡು ಗೆರೆ ದಾಟಿತು. ವಿರಾಮದ ನಂತರ ಕೊಲೂನಾ ಮೂರನೆಯದು ಹೊಡೆದರು. ಬಾರ್ಸಿಲೋನಾ ಹೊಡೆದ ಚೆಂಡುಗಳು ಚೌಕ ಮರದ ಕಂಬಗಳಿಗೆ ಬಡಿಬಡಿದು ಹೊರಬಂದವು. ಕುಬಾಲಾ ಹೊಡೆತ ಒಂದು ಕಂಬಕ್ಕೆ ತಾಗಿ, ಗೋಲಿನ ಮುಂದೆಯೇ ಹಾದು ಇನ್ನೊಂದು ಕಂಬಕ್ಕೂ ತಾಗಿ ಆಚೆ ಹೋಯಿತು. 75ನೇ ನಿಮಿಷ ತ್ಸಿಬೋರ್ ದೂರದಿಂದ ಬಾರಿಸಿ ಒಂದನ್ನು ತೀರಿಸಿದರು. ಅಷ್ಟೇ. 3–2.

ಅದೇ ಮೈದಾನ, ಅದೇ ಅಂಕಿ, ಅವರಿಬ್ಬರಿಗೂ ಎರಡನೇ ಸಲ.

1963ರಲ್ಲಿ ಸ್ಪೇನಿನ ಕಪ್ ಗೆದ್ದ ಬಾರ್ಸಿಲೋನಾ ತಂಡದಲ್ಲಿ ಕೊಚಿಶ್ ಇದ್ದರು. ಕೆಲವು ವರ್ಷದ ನಂತರ ಬೂಟು ಕಳಚಿ, ಅದೇ ಊರಲ್ಲಿ ಒಂದು ಹೋಟೆಲು ತೆರೆದರು. ಅದಕ್ಕಿಟ್ಟ ಹೆಸರು ಫ್ರೆಂಚಿನಲ್ಲಿ, ‘ತೆತ್ ದೋರ್’. ಚಿನ್ನದ ತಲೆ ಎಂದೇ ಅರ್ಥ. ಊರವರು ಪ್ರೀತಿಯಿಂದ ಕೊಟ್ಟ ಹೆಸರು ಪರದೇಶದ ಬೀದಿಯಲ್ಲಿ, ಮೂರನೆಯದೊಂದು ಭಾಷೆಯಲ್ಲಿ, ಬಾಗಿಲಿನ ಮೇಲೆ. ಎಪ್ಪತ್ತರ ದಶಕದಲ್ಲಿ ಅಲಿಕಾಂತೆಯ ಎರ್ಕುಲೆಸ್ ಕ್ಲಬ್ಬಿಗೆ ಕೋಚ್ ಆಗಿದ್ದರು. ಆ ಹೊತ್ತಿಗೆ ರೋಗ ಹಿಡಿಯಿತು; ರಕ್ತದ ಕ್ಯಾನ್ಸರ್, ಆಮೇಲೆ ಹೊಟ್ಟೆಯ ಕ್ಯಾನ್ಸರ್. 1979ರ ಜುಲೈ 22ರಂದು ಬಾರ್ಸಿಲೋನಾದ ಆಸ್ಪತ್ರೆಯ ನಾಲ್ಕನೇ ಮಹಡಿಯ ಕಿಟಕಿಯಿಂದ ಬಿದ್ದು ತೀರಿಕೊಂಡರು. ಇನ್ನೂ 50 ತುಂಬಿರಲಿಲ್ಲ. ಅದು ಹೇಗಾಯಿತೆಂದು ಬಗೆಬಗೆಯಾಗಿ ಹೇಳುತ್ತಾರೆ. ಆ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ.

ಪುಷ್ಕಾಶ್ 1981ರಲ್ಲಿ ಬುದಾಪೆಷ್ಟಿಗೆ ಬಂದರು, ಜನ ಅಪ್ಪಿಕೊಂಡರು. ಅವರ ಹೆಸರಿನಲ್ಲಿ ಈಗ ಅಲ್ಲಿ ದೊಡ್ಡ ಕ್ರೀಡಾಂಗಣವಿದೆ, ವರ್ಷದ ಅತಿ ಚೆಂದದ ಗೋಲಿಗೆ ಫಿಫಾ ಕೊಡುವ ಪ್ರಶಸ್ತಿಯಿದೆ. 2006ರಲ್ಲಿ ಅವರು ತೀರಿಕೊಂಡಾಗ ಸೇಂಟ್ ಸ್ಟೀಫನ್ ಬೆಸಿಲಿಕಾದ ನೆಲಮಾಳಿಗೆಯಲ್ಲಿ ಇರಿಸಿದರು. 2012ರಲ್ಲಿ ಕೊಚಿಶ್ ಅವರ ಅವಶೇಷಗಳನ್ನೂ ಬಾರ್ಸಿಲೋನಾದಿಂದ ಅಲ್ಲಿಗೆ ತಂದರು. 8 ಮತ್ತು 10 ಈಗ ಮತ್ತೆ ಒಂದೇ ಕಡೆ ಇವೆ. ಬುದೈ ಊರಲ್ಲೇ ಉಳಿದು 1983ರಲ್ಲಿ ತೀರಿಕೊಂಡಿದ್ದರು.

ನನ್ನ ಗೆಳೆಯ ಈಗ ಬೇರೆ ಊರಲ್ಲಿದ್ದಾನೆ, ಮಂಡಿ ನೋವು, ಆಟ ಬಿಟ್ಟು ಎಷ್ಟೋ ವರ್ಷವಾಯಿತು. ಮೊನ್ನೆ ಅವನಿಗೆ ಲೊಸಾನ್ ಪಂದ್ಯದ ತುಣುಕನ್ನು ಕಳಿಸಿದೆ. ಮಸುಕು ಚಿತ್ರ, ಆಟಗಾರರ ಮುಖ ಗುರುತು ಹತ್ತುವುದಿಲ್ಲ. ರಾತ್ರಿ ಫೋನ್ ಮಾಡಿದ. ಕೊಚಿಶ್ ಯಾವಾಗ ಹೊರಟರು ನೋಡಿದೆಯಾ, ಚೆಂಡು ಇನ್ನೂ ಕಾಲಲ್ಲೇ ಇದೆಯಲ್ಲೋ ಎಂದ. ನಾನು ಅದನ್ನು ನೋಡಿರಲಿಲ್ಲ. ಅಷ್ಟು ಸಲ ಹಾಕಿಕೊಂಡು ನೋಡಿದಾಗಲೂ ನನ್ನ ಕಣ್ಣು ಬಲಗಡೆಯ ಗೆರೆಯ ಹತ್ತಿರ, ಓಡುತ್ತಿದ್ದ ಬುದೈ ಮೇಲೇ ಇತ್ತು. ಫೋನ್ ಇಟ್ಟು ಮತ್ತೆ ಮೊದಲಿನಿಂದ ಹಾಕಿದೆ.